ಪರದೆಯ ಮೇಲೆ ಅಕ್ಕನ ಕೈ

ಅಕ್ಕನ ಕೈ ಮೇಲೆ ಎದ್ದದ್ದು ಕಾಣುತ್ತಿತ್ತು, ಕೆಳಗೆ ಇಳಿದದ್ದೂ ಕಾಣುತ್ತಿತ್ತು. ನಡುವೆ ಅದು ಎಲ್ಲಿತ್ತು ಅನ್ನುವುದು ಮಾತ್ರ ಕಾಣುತ್ತಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವಳ ಬೆರಳುಗಳು ಈಗ ಕೆನ್ನೆಯ ಹತ್ತಿರ ಇದ್ದರೆ ಮರುಕ್ಷಣ ಸೊಂಟದ ಹತ್ತಿರ ಇರುತ್ತಿದ್ದವು. ನಾನು ಕಣ್ಣು ಉಜ್ಜಿಕೊಂಡು ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಪರದೆಯ ಆಚೆ ಕೂತಿದ್ದ ನಿಜವಾದ ಅಕ್ಕನ ಕೈ ಯಾವತ್ತಿನ ಹಾಗೆ ಸಲೀಸಾಗಿ ಓಡಾಡುತ್ತಿತ್ತು. ಕೆಟ್ಟದ್ದು ಅವಳ ಕೈಯೂ ಅಲ್ಲ, ನನ್ನ ಕಣ್ಣೂ ಅಲ್ಲ. ಹಾಗಾದರೆ ಇನ್ನೇನು ಅನ್ನುವುದು ತಿಳಿಯದೆ ನಾನು ಇಡೀ ಒಂದು ವಾರ ತಲೆ ಕೆಡಿಸಿಕೊಂಡೆ.

ಬೇರೆ ಯಾರದಾದರೂ ವಿಡಿಯೊ ಹೀಗೆ ತಡೆತಡೆದು ಬಂದರೆ ಬೈದುಕೊಂಡು ಸುಮ್ಮನಾಗಬಹುದು. ಚಿತ್ರ ಹೋದರೆ ಹೋಗಲಿ, ಮಾತು ಕೇಳುತ್ತದಲ್ಲ. ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಕೈ ಹೋಗುವ ದಾರಿ ಕಾಣದಿದ್ದರೆ ಅವಳ ಮಾತಿನಲ್ಲಿ ಅರ್ಧಕ್ಕರ್ಧ ಅಕ್ಷರ ಉದುರಿಹೋದ ಹಾಗೆ.

ನಾವು ಹುಟ್ಟಿ ಬೆಳೆದದ್ದು ಅಂಜನಾಪುರದ ಕಾಲುವೆಯ ಪಕ್ಕದ ಒಂದು ಹಳ್ಳಿಯಲ್ಲಿ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಯವರೆಲ್ಲ ಸೇರಿ ಅವಳ ಜೊತೆ ನಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದೆವು. ಮೀಸೆ ತಿರುವಿದರೆ ಅಪ್ಪ. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅಮ್ಮ. ಗದ್ದಕ್ಕೆ ಬೆರಳು ತಾಗಿಸಿದರೆ ನಾನು, ಯಾಕೆಂದರೆ ಕಾಲುವೆಯ ಕಲ್ಲಿನ ಮೇಲೆ ಬಿದ್ದು ನನ್ನ ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡಿದ್ದೆ. ಆ ಭಾಷೆಯಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಅಂಗಡಿಗೆ ಹೋದರೆ, ಆಸ್ಪತ್ರೆಗೆ ಹೋದರೆ, ಅವಳನ್ನು ನೋಡಲು ಗಂಡಿನ ಕಡೆಯವರು ಬಂದರೆ ಅವಳ ಪರವಾಗಿ ಮಾತಾಡುವವನು ನಾನೇ. ನಾನು ನನ್ನ ಅಕ್ಕನ ಬಾಯಿ ಅಂತ ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆ ಜಂಬ ಐವತ್ತು ದಾಟಿದ ಮೇಲೂ ಪೂರ್ತಿ ಹೋಗಿರಲಿಲ್ಲ ಅಂತ ಈಗ ಗೊತ್ತಾಗಿದೆ.

ಆ ಕೈಮಾತಿನಲ್ಲಿ ಒಂದು ಸನ್ನೆಯನ್ನು ನಾನೇ ಹುಟ್ಟಿಸಿದ್ದು. ಅಂಗೈಯನ್ನು ಎದೆಯ ಎದುರು ಹಿಡಿದು ಎರಡು ಸಲ ಮುಂದಕ್ಕೆ ತಳ್ಳುವುದು. ಹಾಗೆಂದರೆ, ಆಮೇಲೆ ಹೇಳ್ತೀನಿ. ನಾಲ್ಕು ಜನ ಕೂತು ಮಾತಾಡುವಾಗ ಅಕ್ಕ ನನ್ನ ತೋಳು ಜಗ್ಗಿ ಏನಂತೆ ಅಂತ ಕೇಳುತ್ತಿದ್ದಳು. ಮಾತಿನ ರಂಗು ಬಿಟ್ಟು ಅವಳಿಗೆ ಬಿಡಿಸಿ ಹೇಳುತ್ತ ಕೂರಲು ನನಗೆ ಪುರುಸೊತ್ತು ಇರುತ್ತಿರಲಿಲ್ಲ. ಅಂಗೈ ಎರಡು ಸಲ ತಳ್ಳಿದರೆ ಆಯಿತು. ಒಮ್ಮೆ ಸೋದರಮಾವ ಬಂದಿದ್ದಾಗ ಅವನು ಹೇಳಿದ ಯಾವುದೋ ಮಾತಿಗೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮೂರು ಸಲ ಕೇಳಿದಳು. ಮೂರು ಸಲವೂ ನಾನು ಅಂಗೈ ತಳ್ಳಿದೆ. ಅವಳು ಸುಮ್ಮನೆ ಎಲ್ಲರ ಮುಖ ನೋಡಿ, ತಾನೂ ಒಂದಿಷ್ಟು ನಕ್ಕು, ಒಲೆಯ ಮುಂದೆ ಹೋಗಿ ಕೂತಳು.

ಅಕ್ಕನನ್ನು ಸೊರಬ ತಾಲ್ಲೂಕಿಗೆ, ಆನವಟ್ಟಿ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಭಾವನಿಗೆ ಸ್ವಲ್ಪ ಗದ್ದೆ, ಒಂದು ಹಿಂಡು ಕುರಿ. ಅಕ್ಕ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಳು. ಅವಳು ಹೊಲಿದ ರವಿಕೆಯ ತೋಳು ಎಲ್ಲೂ ಸುಕ್ಕು ಬೀಳುವುದಿಲ್ಲ ಅನ್ನುವುದು ಸುತ್ತ ನಾಲ್ಕು ಊರಿಗೆ ಗೊತ್ತು. ನಾನು ಸರ್ವೆ ಕೆಲಸಕ್ಕೆ ಸೇರಿ ಶಿಕಾರಿಪುರದಲ್ಲಿ ಮನೆ ಮಾಡಿದೆ. ಜಮೀನು ಅಳೆಯುವವನಿಗೆ ಒಂದು ರೋಗ ಇರುತ್ತದೆ. ಯಾವುದನ್ನೇ ಆಗಲಿ ಅಳೆದು ಬರೆದುಕೊಂಡರೆ ಸರಿಮಾಡಬಹುದು ಅಂದುಕೊಳ್ಳುವ ರೋಗ.

ಐದಾರು ವರ್ಷದ ಹಿಂದೆ ಅಕ್ಕನ ಕೈಗೆ ಒಳ್ಳೆಯ ಫೋನು ಬಂತು. ಅದರಲ್ಲಿ ಅವಳಂಥವರೇ ಹೆಂಗಸರು ಸಿಕ್ಕರು. ವಿಡಿಯೊದಲ್ಲಿ ದಿನಾ ಮಾತಾಡುತ್ತ ಮಾತಾಡುತ್ತ ಅವಳು ಕಿವುಡರು ಎಲ್ಲ ಕಡೆ ಬಳಸುವ ಸಂಜ್ಞಾ ಭಾಷೆ ಕಲಿತುಬಿಟ್ಟಳು. ನಾನು ಹೋದಾಗ ಒಮ್ಮೊಮ್ಮೆ ಫೋನಿನ ಮುಂದೆ ಕೂತು ಸರಸರನೆ ಏನೇನೋ ಸನ್ನೆ ಮಾಡುತ್ತಿರುತ್ತಿದ್ದಳು. ನನಗೆ ಒಂದೂ ತಿಳಿಯುತ್ತಿರಲಿಲ್ಲ. ಸಂತೋಷಪಡಬೇಕಾಗಿತ್ತು. ಪಡಲಿಲ್ಲ ಅಂತಲ್ಲ, ಆದರೆ ಅದರ ಜೊತೆಗೆ ಹೊಟ್ಟೆಕಿಚ್ಚೂ ಆಯಿತು.

ಹೀಗಿರುವಾಗ ಕಿವುಡ ಹುಡುಗಿಯರಿಗೆ ಕಸುಬು ಕಲಿಸುವ ಒಂದು ಸಣ್ಣ ಬಳಗದವರು ಅಕ್ಕನನ್ನು ಕೇಳಿದರು. ಬೇರೆ ಬೇರೆ ಊರಿನ ಆರು ಹುಡುಗಿಯರು. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಲೈವ್‌ನಲ್ಲಿ ರವಿಕೆ ಹೊಲಿಯುವುದನ್ನು ಕಲಿಸಬೇಕು. ಒಂದು ದಿನ ಪರೀಕ್ಷೆಗೆ ಮಾಡಿ ನೋಡಿ, ಸರಿಬಂದರೆ ಅಕ್ಕನೇ ಟೀಚರ್. ಸ್ಕೂಲಿನ ಮೆಟ್ಟಿಲು ಸರಿಯಾಗಿ ಹತ್ತದ ನನ್ನ ಅಕ್ಕ ಟೀಚರ್! ಆ ಸುದ್ದಿ ಹೇಳಲು ಅವಳು ನನಗೆ ವಿಡಿಯೊ ಕಾಲ್ ಮಾಡಿದಾಗ ಗದ್ದಕ್ಕೆ ಬೆರಳು ತಾಗಿಸಿ ನನ್ನನ್ನು ಕರೆದವಳು ಮುಂದೆ ಏನು ಹೇಳಬೇಕೋ ತೋಚದೆ ಸುಮ್ಮನೆ ನಗುತ್ತ ನಿಂತಿದ್ದಳು. ನನ್ನ ಹಳೆಯ ಲ್ಯಾಪ್‌ಟಾಪ್ ಅವಳಿಗೇ ಅಂತ ಆ ಕ್ಷಣ ತೀರ್ಮಾನ ಮಾಡಿದೆ. ಲೈವ್ ವ್ಯವಸ್ಥೆ ಪೂರ್ತಿ ನನ್ನ ಜವಾಬ್ದಾರಿ ಅಂತ ಯಾರೂ ಕೇಳದೆಯೇ ಮೇಲೆ ಹಾಕಿಕೊಂಡೆ. ಬಳಗದ ಮೇಡಮ್ಮಿಗೆ ಕೊಟ್ಟದ್ದೂ ನನ್ನ ನಂಬರೇ.

ಮೇಡಂ ಒಂದು ಸ್ಟ್ರೀಮಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳಿದ್ದರು. ಎರಡು ಕ್ಯಾಮೆರಾ ಬೇಕಾಗಿತ್ತು. ಲ್ಯಾಪ್‌ಟಾಪಿನದು ಅಕ್ಕನ ಮುಖಕ್ಕೂ ಸನ್ನೆಗೂ, ಕೋಲಿಗೆ ಕಟ್ಟಿದ ಇನ್ನೊಂದು ಮೇಲಿನಿಂದ ಬಟ್ಟೆ ತೋರಿಸಲು. ಎರಡು ಚಿತ್ರವನ್ನೂ ಅಕ್ಕಪಕ್ಕ ಕೂರಿಸಿ ಕಳಿಸುವುದು ಆ ಸಾಫ್ಟ್‌ವೇರಿನ ಕೆಲಸ. ಶಿಕಾರಿಪುರದ ನನ್ನ ಮನೆಯ ವರಾಂಡದಲ್ಲಿ ಕೂತು ಎಲ್ಲ ಹೊಂದಿಸಿ, ನನ್ನ ಕೈಯನ್ನೇ ಆಡಿಸಿ ನೋಡಿದೆ. ನೀರು ಹರಿದ ಹಾಗೆ ಬಂತು. ಮನೆಯವಳನ್ನು ಕರೆದು ತೋರಿಸಿದೆ. "ನಿಮ್ಮ ಕೈ ನೋಡಕ್ಕೆ ನಂಗೇನು ಲ್ಯಾಪ್‌ಟಾಪ್ ಬೇಕಾ?" ಅಂದು ಅವಳು ಒಳಗೆ ಹೋದಳು.

ಆ ಭಾನುವಾರ ಅಕ್ಕನ ಮನೆಗೆ ಎಲ್ಲ ಕಟ್ಟಿಕೊಂಡು ಬೈಕಿನಲ್ಲಿ ಹೋದೆ. ಟೀಚರ್ ಅಂದಮೇಲೆ ಜಗಲಿಯಲ್ಲಿ ಕೂರಿಸುವುದು ಬೇಡ ಅನ್ನಿಸಿತು. ಮಿಷನ್ ಎತ್ತಿಸಿ ನಡುಮನೆಗೆ ತಂದೆ. ಸಾಫ್ಟ್‌ವೇರ್ ತೆರೆದ ಕೂಡಲೇ ಕೆಳಗಡೆ ಶಬ್ದದ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಸದ್ದು ಕಡಿಮೆ ಇದ್ದರೆ ಹಸಿರು, ಜಾಸ್ತಿ ಆದರೆ ಹಳದಿ, ಮಿತಿ ಮೀರಿದರೆ ಕೆಂಪು. ಭಾವ ಕುರಿ ಮೇಯಿಸಲು ಹೊಡೆದುಕೊಂಡು ಹೋಗಿದ್ದ. ದೊಡ್ಡಿಯಲ್ಲಿ ಬಿಟ್ಟುಹೋದ ಮರಿಗಳು ತಾಯಿಗಾಗಿ ಒಂದೇ ಸಮ ಕೂಗುತ್ತಿದ್ದವು. ಒಂದೊಂದು ಕೂಗಿಗೂ ಆ ಪಟ್ಟಿ ಹಾರಿ ಕೆಂಪಿಗೆ ಹೋಗಿ ಮುಟ್ಟುತ್ತಿತ್ತು. ಇದು ಕೆಲಸ ಕೆಡಿಸುತ್ತದಲ್ಲ ಅಂತ ಎದ್ದು ಕಿಟಕಿ ಹಾಕಿದೆ, ಬಾಗಿಲು ಹಾಕಿದೆ. ಸಾಲದೆ ಹೋದಾಗ ಭಾವನ ಕಂಬಳಿ ತಂದು ಕಿಟಕಿಗೆ ಇಳಿಬಿಟ್ಟೆ. ಪಟ್ಟಿ ಹಸಿರಿಗೆ ಬಂತು, ನನಗೂ ಸಮಾಧಾನವಾಯಿತು. ಅಕ್ಕ ಕಿಟಕಿಯತ್ತ ಕೈ ತೋರಿಸಿ ಏನೋ ಕೇಳಿದಳು. ಹನ್ನೊಂದಾಗಲು ಐದು ನಿಮಿಷ ಇತ್ತು. ನಾನು ಅಂಗೈ ಎರಡು ಸಲ ಮುಂದಕ್ಕೆ ತಳ್ಳಿದೆ.

ಮೊದಲೇ ಹೇಳಿದೆನಲ್ಲ, ಆವತ್ತು ಅಕ್ಕನ ಕೈ ತಡೆತಡೆದು ಬಂತು. ಹುಡುಗಿಯರು ಕಣ್ಣು ಕಿರಿದು ಮಾಡಿ ನೋಡಿದರು, ತಮ್ಮತಮ್ಮಲ್ಲೇ ಏನೋ ಸನ್ನೆ ಮಾಡಿಕೊಂಡರು. ಅಕ್ಕ ತೋಳು ಜೋಡಿಸುವ ಕಡೆ ಬಟ್ಟೆ ಹೇಗೆ ತಿರುವಬೇಕು ಅಂತ ತೋರಿಸಿದಾಗ ಬಟ್ಟೆ ಈ ಕಡೆ ಇದ್ದದ್ದು ಆ ಕಡೆ ಬಂತೇ ಹೊರತು ತಿರುವಿದ್ದು ಯಾರಿಗೂ ಕಾಣಲಿಲ್ಲ. ಇಪ್ಪತ್ತು ನಿಮಿಷಕ್ಕೆ ಪಾಠ ನಿಂತಿತು.

ಸಂಜೆ ಮೇಡಂ ಫೋನು ಮಾಡಿದರು. "ಸರ್, ಅಕ್ಕ ತುಂಬ ಚೆನ್ನಾಗಿ ಕಲಿಸ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಡಿಯೊ ಕಟ್ ಕಟ್ ಆಗಿ ಬಂದ್ರೆ ಮಕ್ಕಳಿಗೆ ಏನೂ ಅರ್ಥ ಆಗಲ್ಲ. ಬರೋ ಭಾನುವಾರ ಇನ್ನೊಂದು ಸಲ ನೋಡೋಣ. ಆಗಲೂ ಸರಿ ಹೋಗದಿದ್ರೆ ಬೇರೆಯವರಿಗೆ ಕೇಳಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ." ನಾನು ಬೇಜಾರಿಲ್ಲ ಅಂದೆ. ಅಕ್ಕ ವಿಡಿಯೊ ಕಾಲ್ ಮಾಡಿ, ಮೇಡಂ ಏನಂದರು ಅಂತ ಕೇಳಿದಳು. ನೀನು ಟೀಚರ್ ಆಗುವುದು ಇನ್ನೊಂದು ವಾರದ ಮೇಲೆ ನಿಂತಿದೆ ಅಂತ ಹೇಳಲು ಧೈರ್ಯ ಬರಲಿಲ್ಲ. ಸರಿಮಾಡಿಯೇ ಹೇಳೋಣ ಅಂದುಕೊಂಡು ಮತ್ತೆ ಅದೇ ಅಂಗೈ ತಳ್ಳಿದೆ.

ಸೋಮವಾರದಿಂದ ನನ್ನ ತಪಾಸಣೆ ಶುರುವಾಯಿತು. ಹಳೆಯ ಸರ್ವೆ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಒಂದೊಂದನ್ನೂ ಬರೆದುಕೊಂಡೆ. ಸೆಕೆಂಡಿಗೆ ಅರವತ್ತು ಚಿತ್ರ ಅಂತ ಇದ್ದದ್ದನ್ನು ಮೂವತ್ತಕ್ಕೆ ಇಳಿಸಿದೆ. ಚಿತ್ರದ ಅಳತೆ ಕಿರಿದು ಮಾಡಿದೆ. ಇಂಟರ್ನೆಟ್ಟಿನಲ್ಲಿ ಒಬ್ಬ ಒಂದನ್ನು ಹೆಚ್ಚಿಸಿ ಅಂದಿದ್ದ, ಇನ್ನೊಬ್ಬ ಅದನ್ನೇ ಕಡಿಮೆ ಮಾಡಿ ಅಂದಿದ್ದ. ಎರಡನ್ನೂ ಮಾಡಿದೆ. ಎಷ್ಟು ಸಲ ನೋಡಿದರೂ ನನ್ನ ವರಾಂಡದಲ್ಲಿ ಚಿತ್ರ ಸೊಗಸಾಗಿ ಓಡುತ್ತಿತ್ತು. ಇಲ್ಲದ ಕಾಯಿಲೆಗೆ ಔಷಧಿ ಹುಡುಕುವುದು ಹೇಗೆ? ತಪ್ಪು ಅಕ್ಕನ ಊರಿನ ನೆಟ್‌ವರ್ಕಿನದು ಅಂತ ತೀರ್ಮಾನಿಸಿದೆ. ನೆಟ್‌ವರ್ಕನ್ನು ಬೈಯುವುದು ಸುಲಭ, ಅದು ತಿರುಗಿ ಬೈಯುವುದಿಲ್ಲ.

ಬುಧವಾರ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ನಡುಮನೆಯಲ್ಲಿ ಎಲ್ಲವನ್ನೂ ಭಾನುವಾರದ ಹಾಗೆಯೇ ಇಟ್ಟೆ, ಕಂಬಳಿ ಕೂಡ ಬಿಡಲಿಲ್ಲ. ಪರೀಕ್ಷೆ ಮಾಡುವಾಗ ಯಾವುದೂ ಬದಲಾಗಬಾರದು, ಅದು ನನ್ನ ಕಸುಬಿನ ಶಿಸ್ತು. ಕೈ ತಡೆತಡೆದೇ ಬಂತು. ಸಾಫ್ಟ್‌ವೇರಿನ ಕೆಳಗಿನ ಸಾಲಿನಲ್ಲಿ ಕಳೆದುಹೋದ ಚಿತ್ರಗಳು ಎಷ್ಟು ಅಂತ ಒಂದು ಲೆಕ್ಕ ಬರುತ್ತದೆ. ಅಲ್ಲಿ ಸೊನ್ನೆ! ಒಂದೂ ಕಳೆದುಹೋಗಿಲ್ಲವಂತೆ. ಪಹಣಿಯಲ್ಲಿ ಎಕರೆ ಗುಂಟೆ ಎಲ್ಲ ಸರಿಯಾಗಿದ್ದು, ಹೋಗಿ ನಿಂತರೆ ಜಮೀನೇ ಇಲ್ಲದ ಕೇಸು ನಾನು ನೋಡಿದ್ದೇನೆ. ಅದಕ್ಕೂ ಇಷ್ಟು ಗಲಿಬಿಲಿಯಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಭಾವ ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ಕೇಳಿದ. "ಎಂತ ಮಾರಾಯ, ಇನ್ನೂ ರಿಪೇರಿ ಆಗ್ಲಿಲ್ವಾ?" ಆಗುತ್ತೆ ಭಾವ ಅಂದೆ. ಅವನು ಕಂಬಳಿಯ ಕಡೆ ನೋಡಿ ಏನೋ ಹೇಳಲು ಹೊರಟವನು, ಓದಿದವನ ಕೆಲಸದಲ್ಲಿ ತಾನ್ಯಾಕೆ ಬಾಯಿ ಹಾಕಬೇಕು ಅಂತಲೋ ಏನೋ, ಊಟಕ್ಕೆ ಕೂತ.

ವಾಪಸು ಬಂದು ಲ್ಯಾಪ್‌ಟಾಪನ್ನು ಶಿಕಾರಿಪುರದ ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಂಗಡಿಯ ಸಾಹೇಬರ ತಂದೆ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವರು. ಅಕ್ಕನ ಮೊದಲ ಮಿಷನ್ನಿಗೆ ಎಣ್ಣೆ ಬಿಟ್ಟು ಕೊಟ್ಟವರು ಅವರೇ. ಈಗ ಮಗ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚುತ್ತಾರೆ. ತಲೆಯ ಮೇಲೆ ನಾಲ್ಕು ಟ್ಯೂಬ್‌ಲೈಟು. ಸಾಹೇಬರು ತಮ್ಮ ಕೈಯನ್ನು ಕ್ಯಾಮೆರಾದ ಮುಂದೆ ಬೀಸಿದರು.

"ನಮ್ ಅಂಗಡಿಯಾಗೆ ಚೆನ್ನಾಗೇ ಓಡ್ತೈತಲ್ರೀ ಸಾರ್. ನಿಮ್ಮ ಅಕ್ಕೋರ ಮನೆಗೆ ಹೋದ್ರೆ ಯಾಕ್ ಮುನಿಸ್ಕೊಂತೈತೋ?"

"ನೆಟ್‌ವರ್ಕು ರೀ. ಅಲ್ಲಿ ಸಿಗ್ನಲ್ಲೇ ಸರಿಯಿಲ್ಲ."

"ಲೈವ್ ಬಿಡ್ರಿ. ಅಲ್ಲೇ ಲ್ಯಾಪ್‌ಟಾಪಿನಾಗೆ ರೆಕಾರ್ಡ್ ಮಾಡಿ ನೋಡಿದ್ರಾ? ಅದಕ್ಕೆ ನೆಟ್ಟೇ ಬೇಡ. ಅದೂ ಕಟ್ ಆಗಿ ಬಂದ್ರೆ ನೆಟ್ಟಿಂದು ತಪ್ಪಲ್ಲ ಅಂತಾತು."

ಇಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಬುಧವಾರ ಹಾಗೆ ಒಂದು ರೆಕಾರ್ಡ್ ನಾನು ಮಾಡಿದ್ದೆ, ಆದರೆ ತೆರೆದು ನೋಡಿರಲಿಲ್ಲ. ಅಲ್ಲೇ ತೆರೆದೆವು. ಅದೂ ತಡೆತಡೆದೇ ಬಂದಿತ್ತು. ನಾನು ಮೂರು ದಿನ ಬಾಯಿತುಂಬ ಬೈದ ನೆಟ್‌ವರ್ಕಿನದು ತಪ್ಪೇ ಇರಲಿಲ್ಲ. ಹಾಗಾದರೆ ಕರೆಂಟಾ? ಸಾಹೇಬರು ಇರಬಹುದು ಅಂದರು. ಅಕ್ಕನ ಮನೆಯಲ್ಲಿ ವೋಲ್ಟೇಜ್ ಏರಿಳಿತ ಇದ್ದರೆ ಲ್ಯಾಪ್‌ಟಾಪ್ ಸುಸ್ತಾಗಬಹುದು ಅಂದರು. ಅವರ ಮುಖದಲ್ಲೂ ನಂಬಿಕೆ ಇರಲಿಲ್ಲ. ರೆಕಾರ್ಡನ್ನು ಇನ್ನೊಮ್ಮೆ ಓಡಿಸಿ, "ಯಾಕ್ರೀ ಇಷ್ಟು ಮಬ್ಬು ಬಂದೈತಿ? ಸಂಜಿಮುಂದ ತೆಗೆದಿದ್ದಾ?" ಅಂತ ಕೇಳಿದರು. ಇಲ್ಲ, ಹಗಲು ಹನ್ನೊಂದು ಗಂಟೆಗೆ ಅಂದೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಪ್ರಿಂಟರ್ ಹೊತ್ತುಕೊಂಡು ಬಂದ, ಮಾತು ಅಲ್ಲಿಗೇ ನಿಂತಿತು. ಈಗ ನೆನೆಸಿಕೊಂಡರೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಉತ್ತರ ಕಾಲಿಗೆ ತೊಡರಿದ್ದರೂ ನಾನು ದಾಟಿಕೊಂಡು ಹೋದೆ.

ಮತ್ತೆ ಭಾನುವಾರ ಬಂತು. ಒಂಬತ್ತಕ್ಕೇ ಅಕ್ಕನ ಮನೆಯಲ್ಲಿದ್ದೆ. ಕರೆಂಟಿಗೆ ಅಂತ ಒಂದು ಯುಪಿಎಸ್ ತಂದಿದ್ದೆ, ಹೊಸ ವೈರು ತಂದಿದ್ದೆ. ಅಕ್ಕ ತಿಳಿಹಸಿರು ಸೀರೆ ಉಟ್ಟು, ತಲೆಗೆ ಹೂವು ಮುಡಿದು, ರವಿಕೆಯ ತುಂಡು, ಸೀಮೆಸುಣ್ಣ, ಕತ್ತರಿ, ಟೇಪು ಎಲ್ಲ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಕಳೆದ ವಾರ ಹುಡುಗಿಯರಿಗೆ ಕಾಣದ ತೋಳಿನ ಜೋಡಣೆಯನ್ನೇ ಇವತ್ತು ಮೊದಲು ಹೇಳಿಕೊಡುತ್ತೇನೆ ಅಂದಳು. ನಾನು ತಲೆಯಾಡಿಸಿದೆ. ಮರಿಗಳು ಕೂಗಲು ಶುರುಮಾಡಿದವು. ಶಬ್ದದ ಪಟ್ಟಿ ಕೆಂಪಾಯಿತು. ಬಾಗಿಲು, ಕಿಟಕಿ, ಕಂಬಳಿ ಎಲ್ಲ ಆಯಿತು. ಚಿತ್ರ ನೋಡಿದೆ. ತಡೆತಡೆದು ಬಂತು.

ಹತ್ತೂವರೆ. ಯುಪಿಎಸ್ ತೆಗೆದೆ, ಹಾಕಿದೆ. ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದೆ. ಹತ್ತು ನಲವತ್ತು. ಪುಸ್ತಕದಲ್ಲಿ ಬರೆದುಕೊಂಡ ಸೆಟ್ಟಿಂಗುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತ ಹೋದೆ. ಯಾವುದನ್ನು ಮುಟ್ಟಿದ್ದೆ, ಯಾವುದನ್ನು ಮುಟ್ಟಿಲ್ಲ ಅನ್ನುವುದೇ ಗೊಂದಲವಾಯಿತು. ಅಕ್ಕನಿಗೆ ಮುಖ ತೋರಿಸಲಾರದೆ ಪರದೆಯೊಳಗೇ ತಲೆ ಇಟ್ಟುಕೊಂಡು ಕೂತೆ. ಇವಳ ಬಾಯಿ ನಾನು ಅಂದುಕೊಂಡಿದ್ದವನು ಇವಳ ಬಾಯಿಗೇ ಮಣ್ಣು ಹಾಕುತ್ತಿದ್ದೇನೆ ಅನ್ನಿಸಿ ಅಳು ಬಂದ ಹಾಗಾಯಿತು.

ಅಕ್ಕ ಅಷ್ಟು ಹೊತ್ತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳಂತೆ. ನಾನು ನೋಡಿರಲಿಲ್ಲ. ಕತ್ತಲಲ್ಲಿ ಸೂಜಿಯ ಕಣ್ಣು ಕಾಣದೆ ಸಿಟ್ಟು ಬಂದು ದಡಕ್ಕನೆ ಎದ್ದಳು. ಕಂಬಳಿ ಕಿತ್ತು ಮೂಲೆಗೆ ಎಸೆದಳು. ಕಿಟಕಿ ತೆಗೆದಳು, ಬಾಗಿಲು ತೆಗೆದಳು. ವಾಪಸು ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿ ನಾಲಿಗೆಗೆ ತಾಗಿಸಿ, ಪೋಣಿಸಿದಳು.

ಅದನ್ನೆಲ್ಲ ನಾನು ನೋಡಿದ್ದು ಪರದೆಯ ಮೇಲೆ. ನಾಲಿಗೆಯಿಂದ ಸೂಜಿಯ ತನಕ ಅವಳ ಕೈ ಹೋದ ದಾರಿ ಪೂರ್ತಿ ಕಂಡಿತು. ನಾನು ಕೊನೆಗೆ ಬದಲಾಯಿಸಿದ ಸೆಟ್ಟಿಂಗ್ ಹಿಡಿಯಿತು ಅಂದುಕೊಂಡೆ. ಖುಷಿಯಲ್ಲಿ ಎದ್ದು, ಕೇಳಿದರೆ ನಗುತ್ತೀರಿ, ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು, ಕಿಟಕಿ ಹಾಕಿದ್ದು. ಕೂತು ನೋಡಿದರೆ ಕೈ ಮತ್ತೆ ತಡೆದು ತಡೆದು. ಬಾಗಿಲು ತೆಗೆದೆ. ಕೈ ಹರಿಯಿತು. ಹಾಕಿದೆ. ತಡೆಯಿತು. ಮೂರು ಸಲ ಬಾಗಿಲು ಹಾಕಿ ತೆಗೆದು ಮಾಡಿದ ಮೇಲೆ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ನನಗೆ ಏನೋ ಆಗಿದೆ ಅಂತ ಅವಳಿಗೆ ನಿಜವಾಗಿ ಭಯವಾಗಿತ್ತು.

ಯಾಕೆ ಮುಚ್ಚುತ್ತೀಯ ಅಂತ ಕೈಯಲ್ಲಿ ಕೇಳಿದಳು.

ನಾನು ಕುರಿಯ ಸನ್ನೆ ಮಾಡಿ, ಬಾಯಿ ತೆರೆದು ಕೂಗುವುದನ್ನು ತೋರಿಸಿದೆ. ಪರದೆಯ ಮೇಲಿನ ಕೆಂಪು ಪಟ್ಟಿ ತೋರಿಸಿದೆ. ಮರಿಗಳ ಸದ್ದು ಪಾಠಕ್ಕೆ ತೊಂದರೆ ಮಾಡುತ್ತದಲ್ಲ ಅಂತ ವಿವರಿಸಿದೆ.

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಫೋನಿನಲ್ಲಿ ಸಾಲಾಗಿದ್ದ ಆರು ಹುಡುಗಿಯರ ಫೋಟೊ ಒಂದೊಂದಾಗಿ ತೋರಿಸಿ, ಒಬ್ಬೊಬ್ಬಳಿಗೂ ತನ್ನ ಕಿವಿ ಮುಟ್ಟಿ, ಇಲ್ಲ ಅಂತ ಕೈಯಾಡಿಸಿದಳು. ಇವಳಿಗಿಲ್ಲ, ಇವಳಿಗಿಲ್ಲ, ಇವಳಿಗೂ ಇಲ್ಲ. ಕೊನೆಗೆ ತನ್ನ ಕಿವಿ ಮುಟ್ಟಿ, ನನಗೂ ಇಲ್ಲ. ಯಾರಿಗೆ ಕೇಳಬಾರದು ಅಂತ ಮುಚ್ಚಿದೆ?

ಒಬ್ಬರಿಗೂ ಕಿವಿ ಕೇಳದ ಪಾಠಕ್ಕೆ ಸದ್ದು ಬರಬಾರದು ಅಂತ ಒಂದು ವಾರ ಕತ್ತಲೆ ಮಾಡಿದ್ದೆ. ಐವತ್ತು ವರ್ಷ ಇವಳ ಜೊತೆ ಬದುಕಿದವನು ಮಾಡುವ ಕೆಲಸವಾ ಅದು? ಅಕ್ಕನ ಹತ್ತಿರ ಮಾತಾಡುವಾಗ ಮುಖ ಬೆಳಕಿಗೆ ತಿರುಗಿಸಿ ನಿಲ್ಲಬೇಕು ಅನ್ನುವುದು ನಮ್ಮ ಮನೆಯಲ್ಲಿ ಎಳೆ ಮಗುವಿಗೂ ಗೊತ್ತಿತ್ತು. ದೀಪ ಇಲ್ಲದ ಕಡೆ ಅವಳಿಗೆ ಮಾತೇ ಇಲ್ಲ ಅಂತ ಅಮ್ಮ ಅವಳ ಹಾಸಿಗೆ ಪಕ್ಕ ಬುಡ್ಡಿ ಇಡುತ್ತಿದ್ದಳು. ಸಾಫ್ಟ್‌ವೇರಿನ ಒಂದು ಕೆಂಪು ಪಟ್ಟಿ ಕಂಡದ್ದೇ ಅದೆಲ್ಲ ನನಗೆ ಮರೆತುಹೋಗಿತ್ತು.

ನಾಚಿಕೆಯಲ್ಲಿ ಅವಳನ್ನೇ ಕೇಳಿದೆ. ಮುಚ್ಚಬೇಡ ಅಂತ ನೀನಾದರೂ ಹೇಳಬಾರದಿತ್ತಾ? ಕೇಳಿದೆನಲ್ಲ ಅಂದಳು. ಕ್ಯಾಮೆರಾಕ್ಕೆ ಕತ್ತಲೇ ಬೇಕಾ ಅಂತ ಮೊದಲ ದಿನವೇ ಕಿಟಕಿ ತೋರಿಸಿ ಕೇಳಿದೆ, ನೀನು ಆಮೇಲೆ ಅಂದೆ. ಇಷ್ಟು ಹೇಳಿ ಫೋನು ತೆಗೆದು ಇನ್ನೊಂದು ತೋರಿಸಿದಳು. ಇದು ಕೊನೆಯ ಅವಕಾಶ ಅಂತ ಮೇಡಂ ಅವಳಿಗೂ ಅದೇ ದಿನ ಮೆಸೇಜು ಕಳಿಸಿದ್ದರು. ವಾರದುದ್ದಕ್ಕೂ ಅವಳಿಗೆ ಎಲ್ಲ ಗೊತ್ತಿತ್ತು. ನಾನು ಹೇಳುತ್ತೇನೇನೋ ಅಂತ ಕಾದಿದ್ದಳು.

ಹತ್ತು ಐವತ್ತು. ಅಕ್ಕ ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಮಿಷನ್ನಿನ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ನನಗೆ ತೋರಿಸಿದಳು. ಇಬ್ಬರೂ ಎತ್ತಿ ಜಗಲಿಗೆ ತಂದೆವು, ಅದು ಮೊದಲಿದ್ದ ಜಾಗಕ್ಕೇ. ಲ್ಯಾಪ್‌ಟಾಪ್, ಕ್ಯಾಮೆರಾದ ಕೋಲು, ವೈರು ಎಲ್ಲ ಹೊರಗೆ ಬಂತು. ಮರಿಗಳು ದೊಡ್ಡಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವು. ಶಬ್ದದ ಪಟ್ಟಿ ಕೆಂಪಿನಿಂದ ಕೆಳಗೆ ಇಳಿಯಲೇ ಇಲ್ಲ. ಅದರ ಪಾಡಿಗೆ ಅದನ್ನು ಬಿಟ್ಟೆ.

ಕಾರಣವನ್ನು ಅಂಗಡಿಯ ಸಾಹೇಬರು ಆಮೇಲೆ ಒಂದು ದಿನ ಬಿಡಿಸಿ ಹೇಳಿದರು. ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ಬಿಟ್ಟು ನೋಡಬೇಕಾಗುತ್ತದೆ. ಹಾಗಾಗಿ ಸೆಕೆಂಡಿಗೆ ಮೂವತ್ತು ತೆಗೆಯುವ ಕಡೆ ಎಂಟೋ ಹತ್ತೋ ತೆಗೆಯುತ್ತದೆ. ಸಾಫ್ಟ್‌ವೇರ್ ತನ್ನ ಕೈಗೆ ಬಂದದ್ದನ್ನೆಲ್ಲ ಸರಿಯಾಗಿ ಕಳಿಸಿದೆ, ಅದಕ್ಕೇ ಲೆಕ್ಕದಲ್ಲಿ ಸೊನ್ನೆ. ನಾನು ಹೌದಾ ಅಂದೆ. ಅರ್ಧ ತಿಳಿಯಿತು, ಅರ್ಧ ಇನ್ನೂ ತಿಳಿದಿಲ್ಲ.

ಹನ್ನೊಂದಕ್ಕೆ ಹುಡುಗಿಯರು ಒಬ್ಬೊಬ್ಬರಾಗಿ ಪರದೆಗೆ ಬಂದರು. ಅಕ್ಕ ರವಿಕೆಯ ತೋಳನ್ನು ಎತ್ತಿ ಹಿಡಿದಳು, ನಿಧಾನ ತಿರುವಿದಳು, ಎಲ್ಲಿ ಬೆರಳು ಒತ್ತಬೇಕು ಅಂತ ತೋರಿಸಿದಳು, ಕೈ ಬಿಡಿಸಿಕೊಂಡು ಅದನ್ನೇ ಸನ್ನೆಯಲ್ಲಿ ಹೇಳಿದಳು. ಆರು ಮುಖವೂ ಅರಳಿದವು. ಒಬ್ಬಳು ತನ್ನ ಬಟ್ಟೆ ಎತ್ತಿ ತೋರಿಸಿದಳು, ಅಕ್ಕ ಅದರಲ್ಲಿ ತಪ್ಪು ಹುಡುಕಿ ಬಿಚ್ಚಿಸಿದಳು. ಅವಳ ಕೈ ಅಷ್ಟು ಬೇಗ, ಅಷ್ಟು ಗತ್ತಿನಿಂದ ಓಡಾಡುವುದನ್ನು ನಾನು ಹಿಂದೆ ನೋಡಿರಲೇ ಇಲ್ಲ. ನಮ್ಮ ಮನೆಯ ಕೈಮಾತಿನಲ್ಲಿ ಹಿಡಿಸದಷ್ಟು ಮಾತು ಅವಳ ಹತ್ತಿರ ಇತ್ತು ಅಂತಲೂ ನನಗೆ ಗೊತ್ತಿರಲಿಲ್ಲ.

ನಡುವೆ ಒಬ್ಬ ಹುಡುಗಿ ಏನೋ ಕೇಳಿದಳು. ಅಕ್ಕ ಏನೋ ಹೇಳಿದಳು. ಆರು ಹುಡುಗಿಯರೂ ಒಟ್ಟಿಗೆ ನಕ್ಕರು. ಒಬ್ಬಳಂತೂ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕ ಮಿಷನ್ ಮೇಲೆ ಕೈ ಊರಿ ನಗುತ್ತಿದ್ದಳು. ಏನಾಯಿತು ಅಂತ ನನಗೆ ತಿಳಿಯಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದವನು ಎದ್ದು, ಕ್ಯಾಮೆರಾಕ್ಕೆ ಬೀಳದ ಹಾಗೆ ಪಕ್ಕಕ್ಕೆ ಹೋಗಿ, ಅವಳ ತೋಳು ಜಗ್ಗಿ ಏನಂತೆ ಅಂತ ಕೇಳಿದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಂಗೈಯನ್ನು ಎದೆಯ ಎದುರು ಹಿಡಿದು ಎರಡು ಸಲ ಮುಂದಕ್ಕೆ ತಳ್ಳಿದಳು.

ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ. ಅವರು ಇನ್ನೂ ನಗುತ್ತಿದ್ದರು. ನನಗೂ ಸುಮ್ಮನೆ ಒಂದಿಷ್ಟು ನಗು ಬಂತು, ಯಾಕೆ ಅಂತ ಗೊತ್ತಿಲ್ಲದೆಯೇ.

ಪಾಠ ಮುಗಿಯಿತು. ಮುಂದಿನ ಭಾನುವಾರವೂ ಅಕ್ಕನೇ ಅಂತ ಮೇಡಂ ಅವಳ ಫೋನಿಗೇ ಮೆಸೇಜು ಹಾಕಿದರು. ಅಕ್ಕ ಅದನ್ನು ಭಾವನಿಗೆ ತೋರಿಸಿದಳು, ಊಟಕ್ಕೆ ಬಡಿಸಿದಳು, ಪಾತ್ರೆ ತೊಳೆದಳು. ಯಾಕೆ ನಕ್ಕರು ಅಂತ ಹೇಳುವುದನ್ನು ಮರೆತಿರುತ್ತಾಳೆ ಅಂದುಕೊಂಡು ನಾನು ಹೊರಡಲು ಬೈಕಿನ ಕೀಲಿ ತೆಗೆದುಕೊಂಡೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕೀಲಿ ಕಸಿದು, ಮುಖ ಬೆಳಕಿಗೆ ಬರುವ ಹಾಗೆ ನನ್ನ ಎದುರು ಕೂತಳು. ನಮ್ಮ ಹಳೆಯ ಕೈಮಾತಿನಲ್ಲಿ ಮೊದಲಿನಿಂದ ಹೇಳಿದಳು. ಹಿಂದೆ ಮೆಟ್ಟಿಲ ಮೇಲೆ ಕೂತಿರುವ ಗಂಡಸು ಯಾರು ಅಂತ ಆ ಹುಡುಗಿ ಕೇಳಿದ್ದಳಂತೆ. ನನ್ನ ತಮ್ಮ, ಕುರಿಮರಿ ಕೂಗುವುದು ನಿಮಗೆಲ್ಲ ಕೇಳಿಬಿಡುತ್ತದೆ ಅಂತ ಕಿಟಕಿಗೆ ಕಂಬಳಿ ಹೊದಿಸಿದವನು ಅಂತ ಅಕ್ಕ ಹೇಳಿದ್ದಳಂತೆ. ಯಾವ ಹುಡುಗಿ ಹೇಗೆ ನಕ್ಕಳು ಅನ್ನುವುದನ್ನೂ ಬಿಡದೆ ಮಾಡಿ ತೋರಿಸಿದಳು. ಒಂದು ಅಕ್ಷರ ಬಿಡಲಿಲ್ಲ.

ನಾನೂ ಅವಳಿಗೆ ಒಂದಾದರೂ ಹೇಳಬೇಕು ಅನ್ನಿಸಿತು. ಆಮೇಲೆ ಆಮೇಲೆ ಅಂದದ್ದು ಎಷ್ಟೋ ಇದೆಯಲ್ಲ, ಅದರಲ್ಲಿ ಒಂದು. ಸೋದರಮಾವ ಬಂದಿದ್ದ ದಿನ ನೆನಪಾಯಿತು, ಅವಳ ಹಿಟ್ಟಿನ ಕೈ ನೆನಪಾಯಿತು, ಮೂರು ಸಲ ಕೇಳಿದ್ದು ನೆನಪಾಯಿತು. 'ಮಾವ' ಅನ್ನುವ ಸನ್ನೆ ಮಾಡಿ ಶುರು ಮಾಡಿಯೂಬಿಟ್ಟೆ. ಅಕ್ಕ ಸರಿದು ಕೂತು ನನ್ನ ಕೈಯನ್ನೇ ನೋಡುತ್ತ ಕಾದಳು. ಆವತ್ತು ಅವನು ಏನು ಹೇಳಿದ್ದ, ನಾವೆಲ್ಲ ಯಾಕೆ ನಕ್ಕಿದ್ದೆವು ಅನ್ನುವುದು ಎಷ್ಟು ತಡಕಿದರೂ ನನಗೆ ನೆನಪಾಗಲಿಲ್ಲ.